ರಟ್ಟಿನ ಮುಚ್ಚಳದ ಗಾಜಿನ ಗುಂಡು

ಡಿಸೆಂಬರ್ ಬಂತು ಅಂದ್ರೆ ಮಾಲ್‌ಗಳಲ್ಲಿ ಕ್ರಿಸ್‌ಮಸ್ ಟ್ರೀ ನಿಲ್ಲುತ್ತೆ. ಗುಂಡುಗಳೆಲ್ಲ ಒಂದೇ ಬಣ್ಣ, ಒಂದೇ ಅಳತೆ. ಸೆಲ್ಫಿಗೆ ಚೆಂದ, ಅಷ್ಟೇ. ಮನೆಯ ಟ್ರೀ ಹಾಗಲ್ಲ.

ಅಮೆರಿಕದ ಹಳೇ ಮನೆಗಳ ಅಟ್ಟದಿಂದ ಅಲಂಕಾರದ ಡಬ್ಬಿ ಇಳಿಸಿದರೆ, ಹೊಳಪೇ ಇಲ್ಲದ ಗಾಜಿನ ಗುಂಡುಗಳು ಸಿಗುವುದುಂಟು. ಮುಚ್ಚಳ ಲೋಹದ್ದಲ್ಲ, ರಟ್ಟಿನದು. ಯಾಕೆ ಗೊತ್ತಾ? ಮೊದಲು ಇವು ಬಹುಪಾಲು ಬರ್ತಿದ್ದದ್ದು ಜರ್ಮನಿಯಿಂದ, ಲೌಶಾ ಊರಿನ ಸುತ್ತಮುತ್ತ ಮನೆಮನೆಯಲ್ಲಿ ಊದಿದ ಗಾಜು. 1939ರಲ್ಲಿ ಯುದ್ಧ ಶುರುವಾಯ್ತು, ಸರಕು ನಿಂತಿತು. ಆಗ ಕಾರ್ನಿಂಗ್ ಕಂಪನಿ ಬಲ್ಬ್ ಮಾಡುವ ಯಂತ್ರದಲ್ಲೇ ಗುಂಡುಗಳನ್ನು ಊದಿ ಲಕ್ಷಗಟ್ಟಲೆ ಹೊರತಂದಿತು. ಮುಂದೆ ಅಮೆರಿಕವೂ ಯುದ್ಧಕ್ಕಿಳಿದಾಗ ಲೋಹವೆಲ್ಲ ಅತ್ತ ಹೋಯ್ತು. ಒಳಗಿನ ಬೆಳ್ಳಿ ಲೇಪ ಬಿಟ್ಟರು, ಬರೀ ಗಾಜಿನ ಮೇಲೆ ಬಣ್ಣದ ನಾಲ್ಕು ಗೆರೆ ಎಳೆದು ಮಾರಿದರು. ಮಗನನ್ನ ಯುದ್ಧಕ್ಕೆ ಕಳಿಸಿದ ಎಷ್ಟೋ ತಾಯಂದಿರು ಟ್ರೀಗೆ ಕಟ್ಟಿದ್ದು ಇದನ್ನೇ.

ಈಗ ಆ ಅಜ್ಜಿಯರಿಲ್ಲ. ಡಬ್ಬಿ ಮೊಮ್ಮಕ್ಕಳ ಕೈಲಿದೆ. ಅದರಲ್ಲೇ, ಯಾವುದೋ ಮಗು ಶಾಲೆಯಲ್ಲಿ ಹಿಟ್ಟು, ಉಪ್ಪು ಕಲಸಿ ಮಾಡಿದ ನಕ್ಷತ್ರ. ಒಂದು ಮೂಲೆ ಮುರಿದಿದೆ. (ಆ ಮಗುವಿಗೆ ಈಗ ಐವತ್ತು ವರ್ಷ ಆಗಿದ್ರೂ ಆಗಿರಬಹುದು!) ಯಾವುದು ಟ್ರೀಗೆ, ಯಾವುದು ಕಸದ ಬುಟ್ಟಿಗೆ? ಹೇಳೋರಿಲ್ಲದ ಮನೆಯಲ್ಲಿ ಮೊದಲು ಹೋಗೋದು ಆ ಮಂಕು ಗಾಜೇ. ಅಂಗಡಿಯ ಹೊಸ ಗುಂಡಿನ ಮುಂದೆ ಅದು ಕಸದಂತೆಯೇ ಕಾಣುತ್ತೆ, ಸುಳ್ಳಲ್ಲ.

ಅದಕ್ಕೇ ಕೆಲವರು ಒಂದೊಂದರ ಜೊತೆಗೂ ಚೀಟಿ ಸುತ್ತಿ ಇಡ್ತಾರೆ. ಯಾರದು, ಯಾವ ವರ್ಷದ್ದು, ಆ ವರ್ಷ ಮನೆಯಲ್ಲಿ ಯಾರು ಇರಲಿಲ್ಲ.