ಎರೆಮಣ್ಣಿನ ಸೀಮೆಯಲ್ಲಿ ವಿಜ್ಞಾನ ಬೋಧನೆ: ಸಂಶೋಧನೆಯ ಹೊಸ ದಿಕ್ಕುಗಳು

ವಿಜ್ಞಾನ ಬೋಧನೆಯ ಸಂಶೋಧನೆ ಕಳೆದ ಐದು ದಶಕಗಳಲ್ಲಿ ಶಿಕ್ಷಕರ ಮಾತಿನಿಂದ ಮಕ್ಕಳ ತಿಳಿವಳಿಕೆಯ ಕಡೆಗೆ ಹೊರಳಿದೆ. ಪಾಠಕ್ಕೆ ಮೊದಲು ಮಗು ಏನೆಂದುಕೊಂಡಿತ್ತು, ಪಾಠದ ನಂತರ ಅದರಲ್ಲಿ ಏನು ಬದಲಾಯಿತು ಎಂಬುದೇ ಈಗಿನ ಮುಖ್ಯ ಪ್ರಶ್ನೆ. ಬ್ರಿಟನ್ನಿನ ರೋಸಲಿಂಡ್ ಡ್ರೈವರ್ 1983ರ ತಮ್ಮ ಪುಸ್ತಕದಲ್ಲಿ ಈ ಪ್ರಶ್ನೆಗೆ ಗಟ್ಟಿಯಾದ ತಳಹದಿ ಹಾಕಿದರು. 1996ರಲ್ಲಿ ಪ್ರಕಟವಾದ, ಹೈದರಾಬಾದಿನ ಮಕ್ಕಳನ್ನು ಕುರಿತ ಅಧ್ಯಯನ ಇನ್ನೂ ಒಂದು ಸಂಗತಿ ತೋರಿಸಿತು. ಭೂಮಿ ನೀರಿನ ಮೇಲೆ ನಿಂತಿದೆ ಎಂಬ ಕಲ್ಪನೆ ಅಲ್ಲಿನ ಅನೇಕ ಮಕ್ಕಳಲ್ಲಿತ್ತು. ಮನೆಯ ಪುರಾಣದ ಲೋಕ ಮಗುವಿನೊಂದಿಗೆ ತರಗತಿಗೂ ಬರುತ್ತದೆ.

ಎರಡನೆಯ ಧಾರೆ ಚಟುವಟಿಕೆಯ ಬೋಧನೆಯದು. ಅಮೆರಿಕದ ರಿಚರ್ಡ್ ಹೇಕ್ 1998ರಲ್ಲಿ ಉಪನ್ಯಾಸದ ಮತ್ತು ಚಟುವಟಿಕೆಯ ತರಗತಿಗಳ ಒಟ್ಟು 6,542 ವಿದ್ಯಾರ್ಥಿಗಳ ಭೌತಶಾಸ್ತ್ರ ಪರೀಕ್ಷೆಯ ಅಂಕಗಳನ್ನು ಹೋಲಿಸಿದರು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬರೀ ಉಪನ್ಯಾಸ ಕೇಳಿದವರು ನಪಾಸಾಗುವ ಸಂಭವ ಒಂದೂವರೆ ಪಟ್ಟು ಹೆಚ್ಚೆಂದು ಕಂಡಿತು. ಇವು ಹೆಚ್ಚಾಗಿ ಕಾಲೇಜಿನ ಲೆಕ್ಕಗಳು. ಹಳ್ಳಿಯ ಆರನೇ ತರಗತಿಗೆ ಹಾಗೆಯೇ ಅನ್ವಯಿಸಲಾಗದು. ಮಾರ್ಗದರ್ಶನವಿಲ್ಲದೆ ಮಕ್ಕಳನ್ನು ಪ್ರಯೋಗಕ್ಕೆ ಬಿಟ್ಟರೆ ಕಲಿಕೆ ಸೋಲುತ್ತದೆ ಎಂದು ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ವಾದಿಸಿದ್ದನ್ನೂ ಮರೆಯುವಂತಿಲ್ಲ.

ಭಾರತದ ಹಳ್ಳಿಶಾಲೆಗೆ ಹತ್ತಿರದ ಪಾಠ ಮಧ್ಯಪ್ರದೇಶದ ಹೋಶಂಗಾಬಾದಿನ ವಿಜ್ಞಾನ ಬೋಧನಾ ಕಾರ್ಯಕ್ರಮದ್ದು. 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ಆ ಕಾರ್ಯಕ್ರಮದಲ್ಲಿ ಮಕ್ಕಳು ಅಗ್ಗದ ಸಾಮಾನುಗಳಿಂದ ತಾವೇ ಪ್ರಯೋಗ ಮಾಡಿದರು, ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆದರು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಪರೀಕ್ಷೆಯನ್ನೇ ಬದಲಿಸುವ ಧೈರ್ಯ ಅದರ ದೊಡ್ಡ ಸಾಧನೆ. ನಂತರದ ಎಷ್ಟೋ ಪ್ರಯತ್ನಗಳು ಬೋಧನೆಯನ್ನು ತಿದ್ದಿ ಪರೀಕ್ಷೆಯನ್ನು ಮುಟ್ಟದೆ ಬಿಟ್ಟಿವೆ. ಕರ್ನಾಟಕದಲ್ಲಿ 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಮೊಳೆತ ನಲಿ-ಕಲಿ ಕಿರಿಯ ತರಗತಿಗಳಲ್ಲಿ ಚಟುವಟಿಕೆಗೆ ಜಾಗ ಮಾಡಿಕೊಟ್ಟಿತು. ವಿಜ್ಞಾನ ಒಂದು ವಿಷಯವಾಗಿ ನಿಲ್ಲುವ ಹಿರಿಯ ತರಗತಿಗಳಲ್ಲಿ ಅಷ್ಟೇ ಆಳದ ಕೆಲಸ ಇನ್ನೂ ಬೇಕಾಗಿದೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಈ ಭಾಗ ಅಂಥ ಕೆಲಸಕ್ಕೆ ಹೇಳಿಮಾಡಿಸಿದ ನೆಲ. ಸಹ್ಯಾದ್ರಿಯ ಸೆರಗಿನ ಕಿತ್ತೂರಿನಿಂದ ಪೂರ್ವದ ರಾಮದುರ್ಗದತ್ತ ಹೋದಂತೆ ಮಳೆ ಕಡಿಮೆಯಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನವಿಲುತೀರ್ಥದಲ್ಲಿ ಗುಡ್ಡದ ಸಾಲನ್ನು ಸೀಳಿ ಹರಿಯುತ್ತಾಳೆ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ಮಳೆ ನಿಂತ ಮೇಲೂ ಮಣ್ಣಿನ ತೇವವನ್ನೇ ನಂಬಿ ಬೆಳೆಯುತ್ತವೆ. ಎರೆ ನೀರು ಹಿಡಿಯುತ್ತದೆ ಎಂಬುದು ರೈತರ ಮಕ್ಕಳಿಗೆ ಗೊತ್ತು. ಏಕೆ ಹಿಡಿಯುತ್ತದೆ ಎಂಬಲ್ಲಿಂದ ಪಾಠ ಶುರುವಾಗಬೇಕು. ಒಣಗಿಸಿದ ಎರೆ ಮತ್ತು ಮಸಾರಿ ಮಣ್ಣನ್ನು ಸಮತೂಕ ತೆಗೆದು, ಅರಿವೆ ಕಟ್ಟಿದ ಲಾಳಿಕೆಗಳಲ್ಲಿ ಹಾಕಿ, ಒಂದೇ ಅಳತೆಯ ನೀರು ಸುರಿದು, ಕೆಳಗಿಳಿದದ್ದನ್ನು ಅಳೆದರೆ ಸಾಕು. ಸುರಿಯುವ ಮೊದಲು ಪ್ರತಿ ಮಗು ತನ್ನ ಊಹೆಯನ್ನೂ ಕಾರಣವನ್ನೂ ಬರೆದಿಡಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಜೇಡಿಕಣಗಳು ನೀರು ಹಿಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ ಎಂಬ ವಿವರಣೆ ಆಮೇಲೆ ಬಂದರೆ, ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಅದರೊಳಗೇ ಅರ್ಥವಾಗುತ್ತದೆ.

ಮಳೆಯ ಅಧ್ಯಯನಕ್ಕೆ ನಾಲ್ಕೂ ತಾಲ್ಲೂಕುಗಳ ಶಾಲೆಗಳು ಕೂಡಬೇಕು. ನೆಟ್ಟಗಿನ ಬಾಟಲಿಯಿಂದ ಮಾಡಿದ ಒಂದೇ ಬಗೆಯ ಮಳೆಮಾಪಕವನ್ನು ಎಲ್ಲರೂ ಬಯಲಲ್ಲಿಟ್ಟು, ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಓದಿದರೆ ಅಂಕಿಗಳನ್ನು ಹೋಲಿಸಬಹುದು. ತಮ್ಮ ಅಂಕಿ ಪಕ್ಕದ ಊರಿನದಕ್ಕೆ ಹೊಂದದಿದ್ದಾಗ ಮಕ್ಕಳು ಅಳತೆಯ ದೋಷವನ್ನೂ ಮಳೆಯ ನಿಜವಾದ ಏರುಪೇರನ್ನೂ ಬೇರ್ಪಡಿಸಲು ಕಲಿಯುತ್ತಾರೆ. ವಿಜ್ಞಾನದ ವಿಧಾನವನ್ನು ಕುರಿತ ಪಾಠ ಇದಕ್ಕಿಂತ ಚೆನ್ನಾಗಿ ಸಿಗುವುದು ಕಷ್ಟ.

ಚಟುವಟಿಕೆ ನಡೆಯಿತೆಂದರೆ ಸಂಶೋಧನೆ ಆಯಿತೆಂದಲ್ಲ. ಮೊದಲಿನ ಊಹೆ, ಗುಂಪಿನ ಚರ್ಚೆ, ನಂತರದ ವಿವರಣೆ, ಕೆಲವು ತಿಂಗಳ ಬಳಿಕ ಅದೇ ಪ್ರಶ್ನೆಗೆ ಬಂದ ಉತ್ತರ, ಇವೆಲ್ಲ ದಾಖಲಾಗಬೇಕು. ಚಟುವಟಿಕೆಯಿಲ್ಲದೆ ಅದೇ ಪಾಠ ಕೇಳಿದ ತರಗತಿಯೊಂದರ ಉತ್ತರಗಳೂ ಪಕ್ಕದಲ್ಲಿರಬೇಕು. ಮಕ್ಕಳ ಮಾತನ್ನು ಪುಸ್ತಕದ ಭಾಷೆಗೆ ತಿದ್ದದೆ, ಅವರು ಆಡಿದಂತೆಯೇ ಬರೆದುಕೊಳ್ಳುವುದು ಅಗತ್ಯ. ತಪ್ಪು ಕಲ್ಪನೆಯ ಸುಳಿವು ಸಿಗುವುದು ಅಲ್ಲಿಯೇ. ವರದಿ ಕನ್ನಡದಲ್ಲಿದ್ದರೆ ರಾಮದುರ್ಗದ ಶಿಕ್ಷಕಿ ಕಂಡದ್ದನ್ನು ಕಿತ್ತೂರಿನ ಶಿಕ್ಷಕ ಮರುವರ್ಷವೇ ತನ್ನ ತರಗತಿಯಲ್ಲಿ ಪರೀಕ್ಷಿಸಿ ನೋಡಬಹುದು.