ವೈಮಾನಿಕರ ಗಂಟೆಗಳ ಲೆಕ್ಕ



ವಿಮಾನ ನಡೆಸುವುದನ್ನು ಕಲಿಯುತ್ತಿರುವ ಇಬ್ಬರು ವಿದ್ಯಾರ್ಥಿಗಳು ಒಂದೇ ದಿನ ಎರಡೆರಡು ಗಂಟೆ ಹಾರಿದರೆನ್ನೋಣ. ಒಬ್ಬನು ನಿಲ್ದಾಣದ ಸುತ್ತಲೇ ಸುತ್ತಿ, ಇಳಿದು, ಮತ್ತೆ ಏರಿದನು. ಇನ್ನೊಬ್ಬಳು ದೂರದ ಊರುಗಳನ್ನು ಅರಸಿಕೊಂಡು ಹೋಗಿ ಬಂದಳು. ಗಡಿಯಾರವು ಇಬ್ಬರಿಗೂ ಒಂದೇ ಲೆಕ್ಕವನ್ನು ಕೊಟ್ಟಿತು. ಆದರೆ ಲಾಗ್ ಬುಕ್ ಎಂಬ ವೈಮಾನಿಕರ ದಾಖಲೆಯ ಪುಸ್ತಕವು ಇವೆರಡನ್ನೂ ಒಂದೇ ಎಂದು ಒಪ್ಪುವುದಿಲ್ಲ. ಅದಕ್ಕೆ ಕಾರಣವೇನೆಂಬುದನ್ನು ಈಗ ವಿಚಾರಿಸೋಣ.

ಮೊದಲು ಕಾಲವನ್ನು ಅಳೆಯುವ ಬಗೆ. ಹಾರುವ ಉದ್ದೇಶದಿಂದ ವಿಮಾನವು ನಿಂತಲ್ಲಿಂದ ಕದಲಿದ ಕ್ಷಣಕ್ಕೆ ಲೆಕ್ಕವು ಆರಂಭವಾಗುತ್ತದೆ. ಹಾರಾಟವು ಮುಗಿದು ಅದು ನಿಶ್ಚಲವಾಗಿ ನಿಂತಾಗ ಮುಗಿಯುತ್ತದೆ. ನೆಲದ ಮೇಲೆ ಉರುಳಿದ ಹೊತ್ತೂ ಇದರಲ್ಲಿ ಸೇರಿತು. ದಿನಾಂಕ, ವಿಮಾನದ ಗುರುತು, ಹೊರಟ ಸ್ಥಳ, ಸೇರಿದ ಸ್ಥಳ, ಹಗಲೋ ಇರುಳೋ, ಶಿಕ್ಷಕರೊಡನೆಯೋ ಒಂಟಿಯಾಗಿಯೋ ಎಂಬಿವೆಲ್ಲಕ್ಕೂ ಬೇರೆ ಬೇರೆ ಅಂಕಣಗಳುಂಟು. ನಿಲ್ದಾಣದ ಆಸುಪಾಸಿನಲ್ಲೇ ಹಾರಿದ್ದು ಸ್ಥಳೀಯ ಹಾರಾಟ. ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ದಿಕ್ಕನ್ನು ಹಿಡಿದು ಬೇರೊಂದು ಊರಿಗೆ ಹೋದದ್ದು ಕ್ರಾಸ್ ಕಂಟ್ರಿ. ಇದನ್ನು ನಾವು ಪರಸ್ಥಳದ ಹಾರಾಟವೆನ್ನೋಣ.

ಇದರ ಎಲ್ಲೆಯಾದರೂ ಎಲ್ಲಿ? ನಮ್ಮ ಸೀಮೆಯ ನಕಾಶೆಯನ್ನೇ ಮುಂದಿಟ್ಟುಕೊಳ್ಳೋಣ. ಕಲಬುರಗಿಯ ವಿಮಾನ ನಿಲ್ದಾಣವು 2019ರಲ್ಲಿ ತೆರೆಯಿತು. 2021ರಲ್ಲಿ ತರಬೇತಿ ಶಾಲೆಗಳಿಗಾಗಿ ಆರಿಸಲ್ಪಟ್ಟ ಐದು ನಿಲ್ದಾಣಗಳಲ್ಲಿ ಅದೂ ಬೆಳಗಾವಿಯೂ ಸೇರಿದ್ದುವು. ನಮ್ಮ ವಿದ್ಯಾರ್ಥಿನಿಯು ಅಲ್ಲಿಂದ ತೆಂಕಣಕ್ಕೆ ಹೊರಟಳೆಂದು ಭಾವಿಸೋಣ. ಭೀಮೆಯನ್ನೂ ಕೃಷ್ಣೆಯನ್ನೂ ದಾಟಿದರೆ ದೇವದುರ್ಗ, ಸುಮಾರು 53 ನಾಟಿಕಲ್ ಮೈಲಿ. ಅಲ್ಲಿಂದ ಮಾನ್ವಿಗೆ 27, ಮಾನ್ವಿಯಿಂದ ರಾಯಚೂರಿಗೆ 21, ರಾಯಚೂರಿನಿಂದ ಹಿಂದಿರುಗಲು 70. ಒಟ್ಟಿಗೆ 170ಕ್ಕೆ ತುಸು ಮೇಲೆ, ಅಂದರೆ ಸುಮಾರು 316 ಕಿಲೋಮೀಟರು. ಗಂಟೆಗೆ 90 ನಾಟಿಕಲ್ ಮೈಲಿಯ ವೇಗದ ಪುಟ್ಟ ವಿಮಾನಕ್ಕೆ ಇದು ಎರಡು ಗಂಟೆಯ ಪಯಣ. ನಡುವೆ ಆಕೆ ಎಲ್ಲಿಯೂ ಇಳಿಯಲಿಲ್ಲ.

ಈ ಒಂದೇ ಹಾರಾಟವನ್ನು ದೇಶದೇಶಗಳ ನಿಯಮಗಳು ಬೇರೆ ಬೇರೆಯಾಗಿ ನೋಡುತ್ತವೆ. ಯುರೋಪಿನ ವ್ಯಾಖ್ಯೆಯಲ್ಲಿ ಮೈಲಿಗಳ ಮಾತಿಲ್ಲ. ಪೂರ್ವನಿಶ್ಚಿತವಾದ ದಾರಿಯೂ ಸಂಚಾರಶಾಸ್ತ್ರದ ಕ್ರಮವೂ ಇದ್ದರಾಯಿತು. ಅಮೆರಿಕದಲ್ಲಿ ಖಾಸಗಿ ಅಥವಾ ವಾಣಿಜ್ಯ ಪರವಾನಗಿಗೆ ಈ ಗಂಟೆಗಳು ಸಲ್ಲಬೇಕಾದರೆ, ಹೊರಟ ಸ್ಥಳದಿಂದ ನೇರ ರೇಖೆಯಲ್ಲಿ 50 ನಾಟಿಕಲ್ ಮೈಲಿಗೂ ಹೆಚ್ಚು ದೂರದಲ್ಲಿ ನೆಲ ಮುಟ್ಟಿರಬೇಕು; ಆದುದರಿಂದ ಈ ಪಯಣ ಸಲ್ಲದು. ಅಲ್ಲಿಯೇ ದೊಡ್ಡ ಪ್ರಯಾಣಿಕ ವಿಮಾನಗಳ ಮುಖ್ಯ ಚಾಲಕರ ಪರವಾನಗಿಗೆ ಅಷ್ಟು ದೂರ ಹೋಗಿದ್ದರೆ ಸಾಕು, ಇಳಿಯಬೇಕೆಂದಿಲ್ಲ. ಆಗ ಇದೇ ಪಯಣ ಸಲ್ಲುವುದು! ಆಕೆಯು ರಾಯಚೂರಿನಿಂದಲೇ ಹೊರಟು ಮಾನ್ವಿ, ದೇವದುರ್ಗಗಳನ್ನು ಸುತ್ತಿ ಬಂದಿದ್ದರೆ 50 ಮೈಲಿಯ ಗೆರೆಯನ್ನು ಎಲ್ಲಿಯೂ ದಾಟುತ್ತಿರಲಿಲ್ಲ.

ನಮ್ಮ ದೇಶದಲ್ಲಿ ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 20 ಗಂಟೆಗಳನ್ನು ತಾನೇ ಹೊಣೆ ಹೊತ್ತು ಪರಸ್ಥಳಗಳಿಗೆ ಹಾರಿರಬೇಕು. ಅದರೊಳಗೆ ಒಂದು ಪಯಣವಾದರೂ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದೆ, ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ಣವಾಗಿ ನಿಂತದ್ದಾಗಿರಬೇಕು.

ಇಷ್ಟು ಕಟ್ಟುನಿಟ್ಟೇಕೆಂದು ಕೇಳಬಹುದು. ಗಾಣದ ಎತ್ತು ದಿನವೆಲ್ಲ ನಡೆದರೂ ದಾರಿಯನ್ನು ಅರಿಯದು. ನಿಲ್ದಾಣದ ಸುತ್ತ ಸುತ್ತುವುದು ನಿರರ್ಥಕವೆಂದು ನಾವು ಹೇಳುತ್ತಿಲ್ಲ. ಏರುವ ಇಳಿಯುವ ಹದವು ಕೈಗೆ ಬರುವುದು ಅಲ್ಲಿಯೇ. ಆದರೆ ಅಲ್ಲಿ ರನ್‌ವೇಯು ಕಣ್ಣೆದುರಿಗೇ ಇರುತ್ತದೆ. ಪರಸ್ಥಳದ ದಾರಿಯಲ್ಲಿ ಗಾಳಿಯು ವಿಮಾನವನ್ನು ಒತ್ತಟ್ಟಿಗೆ ತಳ್ಳುತ್ತದೆ. ದಿಕ್ಕು ಒಂದು ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ತಪ್ಪುತ್ತದೆಂಬುದು ವೈಮಾನಿಕರ ಬಾಯಿಲೆಕ್ಕ. ಹತ್ತು ಡಿಗ್ರಿ ತಪ್ಪಿದರೆ ದೇವದುರ್ಗವು ಸುಮಾರು ಒಂಬತ್ತು ಮೈಲಿ ಪಕ್ಕದಲ್ಲಿ ಉಳಿದುಹೋಗುವುದು. ಬೇಸಗೆಯ ಧೂಳಿನಲ್ಲಿ ಕಾಣದೆಯೂ ಹೋಗಬಹುದು. ಆಗ ಕೃಷ್ಣೆಯ ತಿರುವನ್ನೋ ತುಂಗಭದ್ರೆಯ ಎಡದಂಡೆ ಕಾಲುವೆಯನ್ನೋ ರಾಯಚೂರಿನ ರೈಲುದಾರಿಯನ್ನೋ ಗುರುತಿಸಿ, ಉಳಿದ ಇಂಧನವನ್ನು ಲೆಕ್ಕ ಹಾಕಿ, ಮುಂದುವರಿಯುವುದೋ ಹಿಂದಿರುಗುವುದೋ ಎಂಬುದನ್ನು ಒಬ್ಬಳೇ ತೀರ್ಮಾನಿಸಬೇಕು. ಆ ಅಂಕಣದಲ್ಲಿ ಬರೆಯುವ ಗಂಟೆಗಳು ಇಂತಹ ತೀರ್ಮಾನಗಳಿಗೆ ಸಾಕ್ಷಿ.

ಈ ಪುಸ್ತಕವನ್ನು ಬರೆಯುವವರು ವೈಮಾನಿಕರೇ. 2011ರಲ್ಲಿ ನಕಲಿ ಅಂಕಪಟ್ಟಿಗಳಿಂದಲೂ, ಹಾರದ ಗಂಟೆಗಳನ್ನು ಹಾರಿದುವೆಂದು ತೋರಿಸಿದ ದಾಖಲೆಗಳಿಂದಲೂ ಪರವಾನಗಿ ಪಡೆದ ಪ್ರಕರಣಗಳು ನಮ್ಮ ದೇಶದಲ್ಲಿ ಬಯಲಾದುವು. ಹಾರದೆಯೇ ಬರೆದುದು ಎಲ್ಲರಿಗೂ ಕಾಣುವ ಸುಳ್ಳು. ಊರ ಸುತ್ತ ಹಾರಿದ ಎರಡು ಗಂಟೆಗಳನ್ನು ಪರಸ್ಥಳದ ಅಂಕಣಕ್ಕೆ ಸರಿಸಿದರೆ ಮೊತ್ತವು ಬದಲಾಗದು. ಆದರೆ ಕಲಿಯದ ವಿದ್ಯೆಯನ್ನು ಕಲಿತೆನೆಂದಂತಾಯಿತು. ಮುಂದೊಂದು ದಿನ ಮೋಡ ಕವಿದ ಸಂಜೆಯಲ್ಲಿ ಅದರ ಪರೀಕ್ಷೆಯಾಗುವಾಗ, ಹಿಂದೆ ಕುಳಿತ ನೂರಾರು ಮಂದಿಗೆ ಆ ಪುಸ್ತಕದ ಸಂಗತಿಯೇ ತಿಳಿದಿರುವುದಿಲ್ಲ. ಅದನ್ನು ಓದಲಾರದ ಅವರ ಸಲುವಾಗಿಯೇ ಅದನ್ನು ನಿಜವಾಗಿ ಬರೆಯಬೇಕಾಗಿದೆ.