ಜಡೆ ಕೋಲಾಟ ಮತ್ತು ಮೂರನೆಯ ಬಗೆಯ ಕಣ



ಕಣಗಳಲ್ಲಿ ಎರಡೇ ಬಗೆ ಎಂದು ಬಿಇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು: ಒಂದೇ ಸ್ಥಿತಿಯಲ್ಲಿ ಎಷ್ಟಾದರೂ ಸೇರುವ ಬೋಸಾನ್, ಎರಡನ್ನು ಒಟ್ಟಿಗೆ ಸೇರಗೊಡದ ಫರ್ಮಿಯಾನ್. ಆದರೆ ಕಣಗಳ ಓಡಾಟ ಸಮತಲಕ್ಕಷ್ಟೇ ಸೀಮಿತವಾದರೆ ನಡುವಿನ ಬಗೆಗಳೂ ಸಾಧ್ಯವೆಂದು ನಾರ್ವೆಯ ಲೈನಾಸ್, ಮಿರ್‌ಹೈಮ್ 1977ರಲ್ಲೇ ತೋರಿಸಿದ್ದರು. ವಿಲ್ಚೆಕ್ 1982ರಲ್ಲಿ ಅವನ್ನು ಎನಿಯಾನ್ ಎಂದು ಕರೆದರು.

ನಮ್ಮ ಶಾಲೆಯ ಜಡೆ ಕೋಲಾಟ ನೆನಪಿದೆಯಲ್ಲವೇ? ಇಬ್ಬರು ಜಾಗ ಬದಲಿಸಿದ್ದು ನೆಲದಲ್ಲಿ ಕಾಣದು. ಯಾರು ಯಾವ ಕಡೆಯಿಂದ ಸುತ್ತಿದರೆಂದು ಮೇಲಿನ ಹಗ್ಗದ ಹೆಣಿಗೆ ಹೇಳುತ್ತದೆ. ಎನಿಯಾನ್‌ಗಳೂ ಸುತ್ತಿದ ದಾರಿಯ ಗುರುತು ಉಳಿಸಿಕೊಳ್ಳುತ್ತವೆ. 2020ರಲ್ಲಿ ಪ್ಯಾರಿಸ್‌ನ, ಅಮೆರಿಕದ ಪ್ರಯೋಗಗಳು ಇದಕ್ಕೆ ಪುರಾವೆ ಕೊಟ್ಟವು.

ಒಂಬತ್ತನೇ ತರಗತಿಯಲ್ಲಿ ನಾನು ತಪ್ಪು ಸುತ್ತಿ ಜಡೆ ಗಂಟು ಮಾಡಿದ್ದೆ. ಪಿ.ಟಿ. ಮೇಷ್ಟ್ರು ಬೈಯಲಿಲ್ಲ, ಬಂದ ದಾರಿಯಲ್ಲೇ ಹಿಂದೆ ನಡೆಸಿದರು. ಜಡೆ ಬಿಚ್ಚಿಕೊಂಡಿತು.